ನಾನು ಹುಟ್ಟುವ ಮೊದಲಿನ ಗಾಯ

ಇವಳು ನಿನ್ನ ಮಗಳಲ್ಲ ಎಂದರು ಸಾಹೇಬರು. ನನ್ನ ಎದುರಿಗೇ, ನನ್ನ ಅಮ್ಮನಿಗೆ ಹೇಳಿದರು.

ಅಮ್ಮ ನಕ್ಕುಬಿಟ್ಟಳು. "ಮತ್ತೆ ಯಾರ ಮಗಳು ಸ್ವಾಮಿ? ನಿಮ್ಮ ಮಗಳಾ?"

ಬಾಗಿಲ ಹತ್ತಿರವಿದ್ದ ಕಾವಲಿನವನು ಲಾಠಿಯಿಂದ ನೆಲ ಕುಟ್ಟಿದ. ನಾನು ಅಮ್ಮನ ಮೊಣಕೈ ಚಿವುಟಿದೆ. ಅವಳ ಬಾಯಿ ಮೊದಲಿನಿಂದಲೂ ಹೀಗೆಯೇ. ವಯಸ್ಸೆಲ್ಲ ಆಸ್ಪತ್ರೆಯ ನೆಲ ಒರೆಸಿದಳು, ಡಾಕ್ಟರರಿಗೂ ಎದುರು ಮಾತಾಡಿದಳು. ಯಾರಿಗೂ ಹೆದರದವಳು ಅಂತ ಓಣಿಯಲ್ಲಿ ಅವಳಿಗೆ ಹೆಸರು. ಅವಳ ಪಾಲಿನ ಹೆದರಿಕೆಯನ್ನೂ ನಾನೇ ಹೆದರಿಕೊಂಡು ಬೆಳೆದವಳು.

"ತಮಾಷೆ ಬೇಡ," ಎಂದರು ಸಾಹೇಬರು. ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನಮ್ಮ ಓಣಿಯವರು ಬಂದರೆ ಆ ಕಚೇರಿಯಲ್ಲಿ ಎಲ್ಲರೂ ಮೂಗಿಗೆ ಏನಾದರೂ ಹಿಡಿಯುತ್ತಾರೆ. ಮೇಜಿನಿಂದ ಸಾಕಷ್ಟು ದೂರದಲ್ಲಿ ನೆಲಕ್ಕೆ ಹಳದಿ ಬಣ್ಣದ ಗೆರೆ ಎಳೆದಿದ್ದಾರೆ. ನಾವು ಆ ಗೆರೆಯ ಹಿಂದೆ ನಿಲ್ಲಬೇಕು. ಬೇರೆಯವರಿಗೆ ಕುರ್ಚಿ ಇದೆ. "ನಿನಗೆ ಮಕ್ಕಳಾಗದ ಆಪರೇಷನ್ ಆಗಿದೆ. ಆಸ್ಪತ್ರೆ ದಾಖಲೆಯಲ್ಲಿದೆ. ಅದಾಗಿ ಎರಡು ವರ್ಷಕ್ಕೆ ಇವಳು ಹುಟ್ಟಿದ್ಲು ಅಂತ ನಗರಸಭೆ ಕಾಗದ ಹೇಳುತ್ತೆ. ಹೇಗಮ್ಮಾ? ಹೊಲಿದ ಚೀಲದಿಂದ ಕಾಳು ಬೀಳುತ್ತಾ?"

ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕನೆ ನಕ್ಕ.

"ನನಗೆ ಅಂಥ ಆಪರೇಷನ್ ಆಗಿಲ್ಲ," ಎಂದಳು ಅಮ್ಮ.

"ನೀನು ಹೇಳಿದ್ರೆ ಆಯ್ತಾ? ಎರಡು ಕಾಗದ ಜಗಳ ಆಡಿದ್ರೆ ಹಳೇ ಕಾಗದ ಗೆಲ್ಲುತ್ತೆ. ಅದು ನಿಯಮ. ಆಪರೇಷನ್ ಕಾಗದ ಹಳೇದು."

ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಹೇಳಬೇಕಾದದ್ದು ಬಹಳ ಇತ್ತು.

ಹೊಸ ಕಾನೂನು ಬಂದಿತ್ತು. ಊರಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ವಂಶಾವಳಿ ಒಪ್ಪಿಸಬೇಕು. ಯಾರಿಗೆ ಯಾರು ಹುಟ್ಟಿದರು, ಯಾವಾಗ ಹುಟ್ಟಿದರು, ಯಾವಾಗ ಸತ್ತರು. ಎಲ್ಲ ಕಾಗದಗಳ ದಿನಾಂಕ ಒಂದಕ್ಕೊಂದು ತಾಳೆಯಾಗಬೇಕು. ದೊಡ್ಡ ಬೀದಿಯವರ ಕಾಗದವನ್ನು ಮನೆಗೇ ಬಂದು ನೋಡಿ, ಕಾಫಿ ಕುಡಿದು ಹೋದರಂತೆ. ಆಸ್ಪತ್ರೆಯ ಗೋಡೆಯ ಹಿಂದಿನ ಓಣಿಯವರಾದ ನಾವು ಕೆಲಸ ಬಿಟ್ಟು ಇಲ್ಲಿಗೆ ಬಂದು ನಿಲ್ಲಬೇಕಿತ್ತು. ತಾಳೆಯಾಗದವರ ಹೆಸರನ್ನು ಕೆಂಪು ಗೆರೆ ಎಳೆದು ಹೊಡೆಯುತ್ತಾರೆ. ಹೊಡೆದ ಮೇಲೆ ವ್ಯಾನು ಬರುತ್ತದೆ.

ವ್ಯಾನು ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಓಣಿಯ ಇಸ್ತ್ರಿಯವನನ್ನು ಅದರಲ್ಲಿ ಕರೆದುಕೊಂಡು ಹೋದರು. ಅವನ ಅಪ್ಪ ಸತ್ತು ಒಂದು ವರ್ಷವಾದ ಮೇಲೆ ಅವನು ಹುಟ್ಟಿದ ಹಾಗೆ ಕಾಗದದಲ್ಲಿತ್ತು. ಹಾಡಹಗಲು ಬಂದರು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆಯೇ ಇತ್ತು. ಹೊಗೆ ಬಂದ ಮೇಲೆ ನಾವು ಓಡಿಹೋಗಿ ಎತ್ತಿದೆವು. ಅವನು ತಿರುಗಿ ಬರಲಿಲ್ಲ. ಒಂದು ಸುದ್ದಿಯೂ ಬರಲಿಲ್ಲ.

ನನಗೆ ಒಬ್ಬಳು ಮಗಳು. ಗಂಡ ಅನ್ನುವವನು ಎಂದೋ ಬಿಟ್ಟು ಹೋದ. ಮಗಳ ಹೆಸರು ನನ್ನ ಹೆಸರಿಗೆ ನೇತುಬಿದ್ದಿದೆ. ನನ್ನದು ಹೋದರೆ ಅವಳದೂ ಹೋಗುತ್ತದೆ. ಆ ಹಳದಿ ಗೆರೆಯ ಹಿಂದೆ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

"ಸರಿ, ನೋಡೇಬಿಡೋಣ," ಎಂದರು ಸಾಹೇಬರು. "ಆಪರೇಷನ್ ಆಗಿಲ್ಲ ಅಂದ್ರೆ ಗಾಯ ಇರಬಾರದು. ಸಿಸ್ಟರ್, ನೋಡಿ ಇವಳನ್ನ."

ಮೂಲೆಯಲ್ಲಿ ಹಗ್ಗಕ್ಕೆ ಒಂದು ಪರದೆ ಹಾಕಿದ್ದರು. ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು. ಅದರ ಹಿಂದೆ ಒಂದು ಬೆಂಚು. ಆಚೆ ಕುಳಿತವರಿಗೆಲ್ಲ ಅಮ್ಮನ ಪಾದ ಕಾಣುತ್ತಿತ್ತು. ಬಿರುಕು ಬಿಟ್ಟ ಪಾದ, ಫಿನಾಯಿಲ್ ತಿಂದು ಬಿಳಿಚಿಕೊಂಡ ಬೆರಳು. ನರ್ಸ್ ನನಗಿಂತ ಚಿಕ್ಕವಳು. ಕೈಗೆ ಗವುಸು ಹಾಕಿಕೊಂಡಳು. ಅದರ ಮೇಲೆ ಇನ್ನೊಂದು ಗವುಸು ಹಾಕಿಕೊಂಡಳು.

"ಬಟ್ಟೆ ಎತ್ತು ಅಜ್ಜಿ."

"ಇಲ್ಲೇನಾ?"

"ಇನ್ನೆಲ್ಲಿ?"

ಅಮ್ಮ ಎತ್ತಿದಳು. ಬೆಳಕು ಸಾಲದು ಎಂದು ನರ್ಸ್ ನನ್ನ ಕೈಗೆ ಟಾರ್ಚ್ ಕೊಟ್ಟಳು. ನನ್ನ ತಾಯಿಯ ಹೊಟ್ಟೆಗೆ ನಾನೇ ಬೆಳಕು ಹಿಡಿದೆ. ಹೊಕ್ಕುಳಿನ ಕೆಳಗೆ ಒಂದು ಬೆರಳಿನ ಉದ್ದಕ್ಕೆ ಗಾಯದ ಗುರುತಿತ್ತು.

ಆ ಗುರುತು ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅಮ್ಮ ಸ್ನಾನ ಮಾಡಿಸುವಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಮ್ಮ ಓಣಿಯ ಹೆಂಗಸರ ಮುಂದೆಲ್ಲ ಹೇಳಿ ನಗುತ್ತಿದ್ದಳು: "ಎಲ್ಲರ ಮಕ್ಕಳೂ ಗಂಟುಮೂಟೆ ಸಮೇತ ಬರ್ತಾವೆ. ನಮ್ಮವಳು ಮಾತ್ರ ತನ್ನ ಗಂಟು ಒಳಗೇ ಮರೆತು ಬಂದ್ಲು. ಅದನ್ನ ತೆಗೆಯೋಕೆ ಡಾಕ್ಟ್ರು ನನ್ನ ಹೊಟ್ಟೆ ಕೊಯ್ಯಬೇಕಾಯ್ತು." ನಾನು ಹುಟ್ಟಿದಾಗ, ಮಗುವಿನ ಹಿಂದೆಯೇ ಬೀಳಬೇಕಾದ ಮಾಸು ಒಳಗೇ ಉಳಿದುಬಿಟ್ಟಿತಂತೆ. ಹಾಗಂತ ಆಸ್ಪತ್ರೆಯವರು ಅವಳಿಗೆ ಹೇಳಿದ್ದರು. ನಾನು ಏನಾದರೂ ಮರೆತರೆ ಸಾಕು, ಈಗಲೂ ಅಣ್ಣ ಅದೇ ಮಾತು ಎತ್ತಿ ಛೇಡಿಸುತ್ತಾನೆ.

"ಅದು ಮಾಸು ತೆಗೆದ ಗಾಯ ಕಣಮ್ಮಾ," ಎಂದಳು ಅಮ್ಮ ನರ್ಸಿಗೆ. "ಇವಳು ಹುಟ್ಟಿದಾಗ ಆಗಿದ್ದು."

ನರ್ಸ್ ಎರಡು ಬೆರಳಿನಿಂದ ಗಾಯವನ್ನು ಒತ್ತಿ ನೋಡಿದಳು. ತಲೆ ಎತ್ತಲಿಲ್ಲ. ಮೆಲ್ಲಗೆ ಹೇಳಿದಳು. "ಮಾಸನ್ನ ಹೊಟ್ಟೆ ಕೊಯ್ದು ತೆಗೆಯಲ್ಲ ಅಜ್ಜಿ. ಇದು ಆ ಆಪರೇಷನ್ನೇ."

ಆಮೇಲೆ ಪರದೆಯ ಆಚೆಗೆ ಕೂಗಿದಳು. "ಇದೆ ಸಾರ್!"

ಬಾಗಿಲಾಚೆಯ ಬೆಂಚುಗಳ ಮೇಲಿದ್ದ ಓಣಿಯವರೆಲ್ಲ ಕೇಳಿಸಿಕೊಂಡರು. ಅಮ್ಮ ಬಟ್ಟೆ ಇಳಿಸಿಕೊಂಡಳು. ಅವಳು ಬಾಯಿ ಕಟ್ಟಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೋಮವಾರ ಬಂದು ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ಹೆಸರು ಹೊಡೆಯುತ್ತೇವೆ ಎಂದು ಸಾಹೇಬರು ನಮ್ಮನ್ನು ಕಳಿಸಿದರು.

ದಾರಿಯುದ್ದಕ್ಕೂ ನಾನು ಅಮ್ಮನನ್ನು ಕದ್ದು ಕದ್ದು ನೋಡಿದೆ. ಅವಳ ಕಿವಿ ನೋಡಿದೆ. ಉಗುರು ನೋಡಿದೆ. ನನ್ನ ಉಗುರು ನೋಡಿಕೊಂಡೆ. ಸಾಬೂನಿನ ಪುಡಿ ತಿಂದು ನನ್ನ ಉಗುರು ಯಾರ ಉಗುರಿನ ಹಾಗೂ ಇರಲಿಲ್ಲ. ಗಾಯ ಹಳೆಯದು, ನಾನು ಹೊಸಬಳು, ಹಾಗಾದರೆ ನಾನು ಯಾರು? ನಾಚಿಕೆಗೆಟ್ಟ ಯೋಚನೆ ಅಂತ ಗೊತ್ತಿತ್ತು. ಆದರೂ ಬಂತು. ಒಬ್ಬ ಸಾಹೇಬ ಕುರ್ಚಿಯಲ್ಲಿ ಕುಳಿತು ಒಂದು ಮಾತು ಅಂದರೆ ಹೆತ್ತವಳ ಮೇಲೇ ಅನುಮಾನ ಬರುತ್ತದೆ. ಹೆದರಿಕೆ ಅನ್ನುವುದು ಅಷ್ಟು ಕೀಳು.

ಮನೆಗೆ ಬಂದು ಕೇಳಿಯೇಬಿಟ್ಟೆ. "ಅಮ್ಮಾ, ನಾನು ನಿನ್ನ ಮಗಳೇ ತಾನೆ?"

ಅವಳ ಕೈಯಲ್ಲಿ ನೆಲ ಒರೆಸುವ ಒದ್ದೆ ಬಟ್ಟೆ ಇತ್ತು. ಅದರಿಂದಲೇ ನನ್ನ ಮುಖಕ್ಕೆ ಬಾರಿಸಿದಳು. ನನಗೆ ಸಮಾಧಾನವಾಯಿತು. ಪರರ ಮಗಳಿಗೆ ಯಾರೂ ಹಾಗೆ ಹೊಡೆಯುವುದಿಲ್ಲ.

ಸಂಜೆ ಅಣ್ಣ ಬಂದ. ಅವನು ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಾನೆ. ಅವನ ದಿನಾಂಕ ತಾಳೆಯಾಗಿತ್ತು. ಆ ಆಪರೇಷನ್ನಿನ ಕಾಗದಕ್ಕಿಂತ ಎಷ್ಟೋ ಮೊದಲು ಹುಟ್ಟಿದವನು. ಬಾಗಿಲು ಹಾಕಿ ಪಿಸುಗುಟ್ಟಿದ. "ಒಂದು ದಾರಿ ಇದೆಯಂತೆ. ಸಿಕ್ಕಿದ ಮಗು ಅಂತ ಬರೆಸಿದ್ರೆ ಬೇರೆ ಪಟ್ಟಿಗೆ ಹಾಕ್ತಾರಂತೆ. ವ್ಯಾನಿಗೆ ಹಾಕಲ್ವಂತೆ. ಆಸ್ಪತ್ರೆ ಕಸದ ತೊಟ್ಟೀಲಿ ಸಿಕ್ತು, ಸಾಕಿದೆ ಅಂದುಬಿಡು ಅಮ್ಮಾ. ಬರೀ ಮಾತು ತಾನೆ?"

"ಹೆತ್ತ ಮಗಳನ್ನ ತೊಟ್ಟೀಲಿ ಸಿಕ್ಕಿದ್ಲು ಅಂತ ನಾನು ಹೇಳ್ಲಾ?"

"ಅವಳು ಉಳೀಬೇಕು ತಾನೆ?"

"ನಿನ್ನನ್ನ ಎಲ್ಲಿ ಸಿಕ್ಕಿದ ಅಂತ ಹೇಳ್ಲಿ? ಚರಂಡೀಲಾ?"

ಅಣ್ಣ ತಲೆ ತಗ್ಗಿಸಿ ಕುಳಿತ. ಅವನೂ ಹೆದರಿದ್ದ. ಅವನ ಮಕ್ಕಳಿಗೂ ಇದು ಸುತ್ತಿಕೊಳ್ಳಬಹುದು ಎಂಬ ಭಯ ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ಬೈಯಲು ನನಗೆ ಮನಸ್ಸಾಗಲಿಲ್ಲ.

ಅಮ್ಮ ಗೋಡೆಗೆ ಒರಗಿ ಕುಳಿತಳು. ಕೈ ಹೊಟ್ಟೆಯ ಮೇಲೆ ಇತ್ತು. ತನ್ನಷ್ಟಕ್ಕೆ ತಾನೇ ಹೇಳುವ ಹಾಗೆ ಹೇಳಿದಳು. ಆ ದಿನ ಅವಳು ಕೆಲಸದ ಮೇಲೆ ಇದ್ದಳಂತೆ. ಹೊಟ್ಟೆ ನೋವು ಶುರುವಾದಾಗ ಹೆರಿಗೆ ವಾರ್ಡಿಗೆ ಹೋದಳು. ನೆಲ ಒರೆಸುವವರಿಗೆ ಇಲ್ಲಿ ಹಾಸಿಗೆ ಇಲ್ಲ ಎಂದರು. ಹಿಂದಿನ ಪಡಸಾಲೆಯಲ್ಲಿ, ಬಕೆಟ್ ಪೊರಕೆಗಳ ನಡುವೆ ನನ್ನನ್ನು ಹೆತ್ತಳು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಓಣಿಯ ಇನ್ನೊಬ್ಬ ಹೆಂಗಸು. ಒಬ್ಬ ಡಾಕ್ಟರೂ ಇಣುಕಲಿಲ್ಲ. ನಾನು ಹುಟ್ಟಿದ ಮೇಲೆ ಮಾತ್ರ ಓಡಿ ಬಂದರು. ಮಾಸು ಉಳಿದಿದೆ, ಸಾಯ್ತೀಯ ಎಂದರು. ಎತ್ತಿಕೊಂಡು ಒಳಗೆ ಒಯ್ದರು.

"ಆವಾಗ ಹಾಸಿಗೆ ಇತ್ತು," ಎಂದಳು ಅಮ್ಮ. "ಆವಾಗ ನನಗೆ ಹಾಸಿಗೆ ಇತ್ತು ನೋಡು."

ನಾನು ಹುಟ್ಟಿದ್ದನ್ನು ಬರೆದುಕೊಳ್ಳಲು ಆ ಆಸ್ಪತ್ರೆಯಲ್ಲಿ ಯಾರಿಗೂ ಕೈ ಬಿಡುವಿರಲಿಲ್ಲ. ನಾನು ಶಾಲೆಗೆ ಸೇರುವಾಗ ಅಮ್ಮ ನಗರಸಭೆಗೆ ಅಲೆದು ಅಲೆದು ಬರೆಸಿದ್ದಳು. ಅವಳನ್ನು ಕೊಯ್ದದ್ದನ್ನು ಮಾತ್ರ ಆಸ್ಪತ್ರೆಯವರು ಬರೆದಿಟ್ಟುಕೊಂಡಿದ್ದರು. ಅದನ್ನೂ ಸುಳ್ಳು ತಾರೀಖು ಹಾಕಿ.

"ನಿಮ್ಮಪ್ಪನಿಗೆ ಇನ್ನೂ ಮಕ್ಕಳು ಬೇಕಿತ್ತು," ಎಂದಳು. "ನನಗೂ ಬೇಕಿತ್ತು. ಆಗಲೇ ಇಲ್ಲ. ಏನೇನು ಕುಡಿದೆ ಗೊತ್ತಾ? ಯಾರು ಯಾವ ಬೇರು ಕೊಟ್ರೂ ತೇದು ಕುಡಿದೆ. ವಾಂತಿ ಮಾಡ್ಕೊಂಡು ಮತ್ತೆ ಕುಡಿದೆ. ನಿನ್ನ ಹೊಟ್ಟೆ ಕಲ್ಲಾಯ್ತು ಅಂದ ನಿಮ್ಮಪ್ಪ. ನಾನೂ ಹಾಗೇ ಅಂದ್ಕೊಂಡೆ. ಸಾಯೋವರೆಗೂ ಅವನ ಮುಂದೆ ತಪ್ಪು ಮಾಡಿದೋಳ ಹಾಗೆ ತಲೆ ತಗ್ಗಿಸಿದೆ."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಹೊಟ್ಟೆಯ ಮೇಲಿಟ್ಟ ಕೈಯನ್ನು ಅವಳು ಆ ಸಂಜೆಯೆಲ್ಲ ತೆಗೆಯಲಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಕೆಲಸ ಮಾಡುವವಳು. ಮರುದಿನ ಹೋದೆ. ಕುದಿಯುವ ತೊಟ್ಟಿಯ ಹಬೆಯಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ಉದ್ದನೆಯ ಕೋಲಿನಿಂದ ಬಟ್ಟೆ ತಿರುವಬೇಕು. ಹೆಗಲು ಕಳಚಿ ಬೀಳುವಂತಾಗುತ್ತದೆ. ರಕ್ತದ ಬಟ್ಟೆಗಳನ್ನು ಮೊದಲು ತಣ್ಣೀರಿನಲ್ಲಿ ಕೈಯಿಂದಲೇ ಉಜ್ಜಬೇಕು. ಬಿಸಿ ತಗುಲಿದರೆ ಕಲೆ ಹೋಗುವುದಿಲ್ಲ. ಆಪರೇಷನ್ ಕೋಣೆಯಿಂದ ಹಸಿರು ಹೊದಿಕೆಗಳು ಬರುತ್ತವೆ. ಅವುಗಳ ನಡುವೆ ಒಂದು ತೂತಿರುತ್ತದೆ. ಮನುಷ್ಯರನ್ನು ಪೂರ್ತಿ ಮುಚ್ಚಿ ಕೊಯ್ಯುವ ಜಾಗವನ್ನು ಮಾತ್ರ ಆ ತೂತಿನಲ್ಲಿ ಬಿಡುತ್ತಾರೆ. ಎಷ್ಟು ವರ್ಷದಿಂದ ಅವುಗಳನ್ನು ಒಗೆದಿದ್ದೇನೋ ಲೆಕ್ಕವಿಲ್ಲ. ಆ ದಿನ ಒಂದನ್ನು ಎತ್ತಿ ಹಿಂಡುವಾಗ ತೂತಿನೊಳಗೆ ಅಮ್ಮನ ಹೊಟ್ಟೆ ಕಂಡಿತು. ಕೈಯಿಂದ ಜಾರಿ ಬಿತ್ತು.

"ಏನೇ, ನಿದ್ದೆನಾ?" ಎಂದು ಮೇಸ್ತ್ರಿ ಗದರಿದ. ಆಮೇಲೆ ಹತ್ತಿರ ಬಂದು ಹೇಳಿದ. "ನಿನ್ನ ಕಾಗದ ತಾಳೆ ಆಗಿಲ್ವಂತೆ. ಸೋಮವಾರ ತಾಳೆ ಆಯ್ತು ಅನ್ನೋ ಚೀಟಿ ತರದಿದ್ರೆ ಗೇಟಲ್ಲಿ ಬಿಡಬೇಡಿ ಅಂತ ಮೇಲಿಂದ ಹೇಳಿದ್ದಾರೆ. ನನ್ನ ಕೈಲೇನಿಲ್ಲ ನೋಡು."

ಸಿಟ್ಟು ಬರಲಿಲ್ಲವೆ? ಬಂತು. ಆದರೆ ಸಿಟ್ಟು ಗಂಟಲಿಗೆ ಬರುವ ಮೊದಲೇ ಹೆದರಿಕೆ ಅದನ್ನು ನುಂಗಿಬಿಡುತ್ತಿತ್ತು. ಓಣಿಯಲ್ಲಿ ಯಾವ ಗಾಡಿಯ ಸದ್ದಾದರೂ ನಾನು ಎದ್ದು ಮಗಳ ಕೈ ಹಿಡಿದುಕೊಳ್ಳುತ್ತಿದ್ದೆ. ನೀರಿನ ಗಾಡಿ ಬಂದರೂ ಹಿಡಿದೆ. "ಯಾಕಮ್ಮಾ ಹೀಗೆ ಹಿಡೀತೀಯ, ನೋಯುತ್ತೆ," ಎಂದಳು ಮಗಳು. ಅವಳ ಎರಡು ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟೆ. ಯಾಕೆ ಇಟ್ಟೆ ಅಂತ ಅವಳು ಕೇಳಿದಳು. ಒಗೆಯಲು ಎಂದೆ.

ಸೋಮವಾರ ಕಚೇರಿಯ ಬಾಗಿಲಾಚೆಯ ಬೆಂಚುಗಳು ತುಂಬಿದ್ದವು. ಎಲ್ಲ ನಮ್ಮ ಓಣಿಯವರೇ. ಅಮ್ಮನ ವಯಸ್ಸಿನ ಹೆಂಗಸರು, ಜೊತೆಗೆ ಅವರವರ ಕೊನೆಯ ಮಗನೋ ಮಗಳೋ. ಬಕೆಟ್ಟಜ್ಜಿಯೂ ಬಂದಿದ್ದಳು. ಅಮ್ಮನ ಜೊತೆ ಕೆಲಸ ಮಾಡಿದವಳು. ಕೆಲಸ ಬಿಟ್ಟ ಮೇಲೂ ಎಲ್ಲಿಗೆ ಹೋದರೂ ಬಕೆಟ್ ಹಿಡಿದವಳ ಹಾಗೆ ಒಂದು ಕಡೆ ವಾಲಿ ನಡೆಯುತ್ತಾಳೆ. ಅದಕ್ಕೇ ಆ ಹೆಸರು. ಯಾರೂ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಗದದ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು. ನಮ್ಮ ಸಂಕಟ ನಮಗೊಬ್ಬರಿಗೇ ಎಂದು ಪ್ರತಿಯೊಬ್ಬರೂ ತಿಳಿದಿದ್ದರು.

ನಮ್ಮ ಹೆಸರು ಕರೆದರು. ಗೆರೆಯ ಹಿಂದೆ ನಿಂತೆವು.

ಆ ದಿನ ಸಾಹೇಬರು ಖುಷಿಯಾಗಿದ್ದರು. "ನಿಮ್ಮ ಸಮಸ್ಯೆ ಬಗೆಹರೀತು," ಎಂದರು. "ಆಸ್ಪತ್ರೆಯವರನ್ನ ಕೇಳಿದೆ. ಆ ವರ್ಷ ಇಷ್ಟು ಜನಕ್ಕೆ ಆಪರೇಷನ್ ಮಾಡಲೇಬೇಕು ಅಂತ ಮೇಲಿಂದ ಆರ್ಡರ್ ಇತ್ತಂತೆ. ಆಗ್ಲಿಲ್ಲ. ಪುಸ್ತಕದಲ್ಲಿ ಖಾಲಿ ಸಾಲು ಬಿಟ್ಟುಕೊಂಡು, ಆಮೇಲಿನ ವರ್ಷಗಳಲ್ಲಿ ಸಿಕ್ಕಿದವರನ್ನೆಲ್ಲ ಹಳೇ ತಾರೀಖಿಗೇ ಆ ಸಾಲಿಗೆ ತುಂಬಿದ್ರಂತೆ. ನಿಮ್ಮ ಓಣಿಯವರದ್ದೇ ಒಂದು ಪೂರ್ತಿ ಪುಟ ಇದೆ. ಎಲ್ಲರಿಗೂ ಒಂದೇ ದಿನ ಆಪರೇಷನ್! ಆ ಡಾಕ್ಟರ್‌ಗೆ ಎಂಟು ಕೈ ಇತ್ತೋ ಏನೋ."

ಗುಮಾಸ್ತ ನಕ್ಕ. ಸಾಹೇಬರೂ ನಕ್ಕರು. ನಾನೂ ನಕ್ಕೆ. ಹೌದು, ನಾನೂ ನಕ್ಕೆ. ಬದುಕಿದೆ ಅನ್ನಿಸಿತು. ಅಮ್ಮ ನಿಜ ಹೇಳಿದ್ದಳು, ನಾನು ಹುಟ್ಟಿದ ಮೇಲೆಯೇ ಕೊಯ್ದದ್ದು, ಹಾಗಾದರೆ ನಾನು ಅವಳ ಮಗಳು, ಕಾಗದದಲ್ಲೂ ಮಗಳು.

"ಹಾಗಾದ್ರೆ ಸರಿ ಮಾಡ್ತೀರಾ ಸಾರ್?"

"ಮಾಡ್ತೀನಿ. ಆಪರೇಷನ್ ತಾರೀಖನ್ನ ಹೆರಿಗೆ ಆದ್ಮೇಲಕ್ಕೆ ಹಾಕ್ತೀನಿ. ಆದ್ರೆ ಆಸ್ಪತ್ರೆ ಸುಳ್ಳು ಬರೀತು ಅಂತ ಸರ್ಕಾರಿ ಕಾಗದದಲ್ಲಿ ಬರೆಯೋಕಾಗುತ್ತಾ? ಅದಕ್ಕೆ ಇದೊಂದು ಹೇಳಿಕೆ. ನಿಮ್ಮಮ್ಮ ಹೆಬ್ಬೆಟ್ಟು ಒತ್ತಿದ್ರೆ ಮುಗೀತು. ಇವತ್ತೇ ನಿನಗೆ ಚೀಟಿ."

ಗುಮಾಸ್ತ ಒಂದು ಹಾಳೆ ಮತ್ತು ಶಾಯಿಯ ಡಬ್ಬಿ ತಂದು ಹಳದಿ ಗೆರೆಯ ಹತ್ತಿರವಿದ್ದ ಸ್ಟೂಲಿನ ಮೇಲಿಟ್ಟ.

"ಏನು ಬರೆದಿದೆ ಓದು," ಎಂದಳು ಅಮ್ಮ.

ನಾನು ಓದಿದೆ. ನಡುವಿನ ಸಾಲು ಬಂದಾಗ ಗಬಗಬನೆ ಓದಿ ಮುಂದೆ ಹೋದೆ. ಅಮ್ಮನಿಗೆ ಓದಲು ಬರದಿದ್ದರೂ ನನ್ನ ಗಂಟಲು ಗೊತ್ತಿತ್ತು.

"ಆ ನಡುವಿಂದು ಇನ್ನೊಂದ್ಸಲ ಓದು. ನಿಧಾನಕ್ಕೆ."

ಓದಲೇಬೇಕಾಯಿತು. "ನನಗೆ ಇನ್ನು ಮಕ್ಕಳು ಬೇಡವೆಂದು ನಾನೇ ಬೇಡಿಕೊಂಡ ಮೇರೆಗೆ, ನನ್ನ ಸ್ವಂತ ಒಪ್ಪಿಗೆಯಿಂದ, ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುತ್ತೇನೆ. ದಿನಾಂಕವನ್ನು ತಪ್ಪಾಗಿ ತಿಳಿಸಿದವಳೂ ನಾನೇ ಆಗಿರುತ್ತೇನೆ."

ಅಮ್ಮ ಸಾಹೇಬರನ್ನು ನೋಡಿದಳು.

"ನಾನು ಬೇಡಿಕೊಂಡಿಲ್ಲ."

"ಗೊತ್ತಮ್ಮಾ. ಇದು ಸುಮ್ಮನೆ ಬರೆಯೋದು."

"ನಾನು ಒಪ್ಪಿಲ್ಲ."

"ಯಾವ ಕಾಲದ ಮಾತು ಅದು! ಈಗ ನಿನಗೇನು ಮಕ್ಕಳಾಗಬೇಕಾಗಿದೆಯಾ?" ಎಂದರು ಸಾಹೇಬರು. ಗುಮಾಸ್ತ ಮತ್ತೆ ನಕ್ಕ.

"ಅಮ್ಮಾ," ಎಂದೆ ನಾನು. "ಒತ್ತಿಬಿಡು ಅಮ್ಮಾ."

"ಇಲ್ಲ."

"ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ನನ್ನನ್ನ ಕರ್ಕೊಂಡು ಹೋಗ್ತಾರೆ. ಮಗೂನ ಕರ್ಕೊಂಡು ಹೋಗ್ತಾರೆ. ಬರೀ ಒಂದು ಹೆಬ್ಬೆಟ್ಟು."

"ನನ್ನ ಹೊಟ್ಟೆ ಖಾಲಿ ಮಾಡಿ ಅಂತ ನಾನೇ ಕೇಳಿದೆ ಅಂತ ಬರೆದಿದೆ ಕಣೇ ಅದರಲ್ಲಿ. ಅದರ ಮೇಲೆ ನನ್ನ ಬೆರಳು ಇಡಲ್ಲ."

"ಹನ್ನೆರಡಕ್ಕೆ ನಾನು ಮೀಟಿಂಗಿಗೆ ಹೋಗಬೇಕು," ಎಂದರು ಸಾಹೇಬರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಆ ಮುಚ್ಚಳ ತೆಗೆದದ್ದನ್ನು ನೋಡಿ ನನಗೆ ಮೈಮೇಲೆ ಎಚ್ಚರ ಇಲ್ಲದಂತಾಯಿತು. ಅಮ್ಮನ ಮಣಿಕಟ್ಟು ಹಿಡಿದುಕೊಂಡೆ. ಒದ್ದೆ ಹೊದಿಕೆಗಳನ್ನು ಹಿಂಡಿ ಹಿಂಡಿ ನನ್ನ ಕೈಯಲ್ಲಿ ಬಲವಿದೆ. ಅವಳ ಹೆಬ್ಬೆರಳನ್ನು ಬಿಡಿಸಿ ಶಾಯಿಗೆ ಒತ್ತಿದೆ. ಅವಳು ಎಳೆದುಕೊಂಡಳು. ನಾನು ಬಿಡಲಿಲ್ಲ. ನನ್ನ ತಾಯಿಯ ಕೈಯನ್ನು ಸ್ಟೂಲಿನ ಮೇಲಿನ ಹಾಳೆಯ ಕಡೆಗೆ ಬಗ್ಗಿಸುತ್ತಿದ್ದೆ. ಅವಳ ಮೂಳೆ ನನ್ನ ಅಂಗೈಯೊಳಗೆ ಹೊರಳುವುದು ಗೊತ್ತಾಗುತ್ತಿತ್ತು. ಇಬ್ಬರೂ ಏದುಸಿರು ಬಿಡುತ್ತಿದ್ದೆವು. ಸಾಹೇಬರು ಸುಮ್ಮನೆ ನೋಡುತ್ತಾ ಕುಳಿತಿದ್ದರು.

ಹೆಬ್ಬೆರಳು ಹಾಳೆಗೆ ತಾಗುವಷ್ಟರಲ್ಲಿ ಅಮ್ಮ ಎಳೆಯುವುದನ್ನು ನಿಲ್ಲಿಸಿದಳು. ನನ್ನ ಕಿವಿಯ ಹತ್ತಿರ ಹೇಳಿದಳು.

"ಅವತ್ತೂ ಹೀಗೇ ಹಿಡ್ಕೊಂಡಿದ್ರು. ಇಬ್ಬರು ಕೈ. ಒಬ್ಬಳು ಕಾಲು. ನೀನು ಪಕ್ಕದಲ್ಲೇ ನೆಲದ ಮೇಲೆ ಅಳ್ತಾ ಇದ್ದೆ."

ನಾನು ಕೈ ಬಿಟ್ಟೆ.

ಬಿಟ್ಟ ಮೇಲೆ ನೋಡಿದರೆ ಅವಳ ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳು ಎದ್ದಿದ್ದವು. ನನ್ನ ಕೈ ಕತ್ತರಿಸಿ ಎಸೆಯಬೇಕು ಅನ್ನಿಸಿತು.

"ಏನಾಯ್ತು?" ಎಂದರು ಸಾಹೇಬರು. "ಒತ್ತಿಸು."

"ಒತ್ತಿಸಲ್ಲ ಸಾರ್."

"ಏನು?"

ಹಲ್ಲು ಹಲ್ಲಿಗೆ ತಾಗುತ್ತಿತ್ತು. "ನಾನು ಅವಳ ಕೈ ಹಿಡಿಯಲ್ಲ. ನಿಮಗೆ ಬೇಕಾದ್ರೆ ನೀವೇ ಬಂದು ಹಿಡ್ಕೊಳ್ಳಿ. ಈ ಗೆರೆ ದಾಟಿ ಬನ್ನಿ. ಬಂದು ಮುಟ್ಟಿ ಅವಳನ್ನ."

ಅವರು ಬರಲಿಲ್ಲ. ಕರವಸ್ತ್ರ ಮೂಗಿಗೇರಿತು. ಕಾವಲಿನವನ ಕಡೆ ನೋಡಿದರು. ಅವನೂ ಅಲ್ಲಾಡಲಿಲ್ಲ, ಯಾಕೋ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ಹೆತ್ತದ್ದು ಪಡಸಾಲೆಯಲ್ಲಿ, ಕೊಯ್ದದ್ದು ನನ್ನನ್ನ ಕೇಳದೆ, ತಾರೀಖು ನಿಮ್ಮ ಸುಳ್ಳು," ಎಂದಳು ಅಮ್ಮ. "ಹಾಗಂತ ಬರೀರಿ. ಹತ್ತು ಬೆರಳೂ ಒತ್ತುತ್ತೀನಿ."

"ಹಾಗೆ ಬರೆಯೋಕೆ ಕಾಲಂ ಇಲ್ಲ."

"ಹಾಗಾದ್ರೆ ನನ್ನ ಹತ್ರ ಬೆರಳೂ ಇಲ್ಲ."

ಸಾಹೇಬರು ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಮಗಳ ಹೆಸರಿನ ಮೇಲೂ ಎಳೆದರು. ನಾವು ನೋಡಲಿ ಎಂದು ನಿಧಾನವಾಗಿ, ಸ್ಕೇಲು ಇಟ್ಟು ಎಳೆದರು. "ವ್ಯಾನು ಬಂದಾಗ ಈ ಪೌರುಷ ಇರಲಿ. ಹೋಗಿ ಆಚೆ."

ಬಾಗಿಲು ದಾಟಿದ ಮೇಲೆ ಗೋಡೆ ಹಿಡಿದು ಅಲ್ಲೇ ಕುಸಿದೆ. ಉಚ್ಚೆ ಹೋಗಿಬಿಡುತ್ತದೆ ಅನ್ನಿಸುವಷ್ಟು ಹೆದರಿಕೆ. ಮಗಳು ಶಾಲೆಯಲ್ಲಿದ್ದಳು. ಈಗಲೇ ಓಡಿಹೋಗಿ ಕರೆದುಕೊಂಡು ಬರಬೇಕು. ಕರೆದುಕೊಂಡು ಎಲ್ಲಿಗೆ ಹೋಗುವುದು? ಏನೂ ಹೊಳೆಯಲಿಲ್ಲ.

ಅಮ್ಮ ನನ್ನ ಪಕ್ಕ ಕೂರಲಿಲ್ಲ. ಶಾಯಿ ಮೆತ್ತಿದ ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬೆಂಚಿನ ಹತ್ತಿರ ಹೋದಳು. ಬಕೆಟ್ಟಜ್ಜಿಯ ಮುಂದೆ ನಿಂತಳು. ಬಕೆಟ್ಟಜ್ಜಿಯ ಪಕ್ಕದಲ್ಲಿ ಅವಳ ಕೊನೆಯ ಮಗ ಕುಳಿತಿದ್ದ. ಸಂಸಾರಸ್ಥ. ಕಾಗದದ ಚೀಲ ಮಡಿಲಲ್ಲಿತ್ತು.

"ಇವನು ಹುಟ್ಟಿದಾಗ ನಿನ್ನ ಹೊಟ್ಟೆ ಕೊಯ್ದ್ರಾ?" ಎಂದು ಕೇಳಿದಳು ಅಮ್ಮ. ಪಿಸುಮಾತಿನಲ್ಲಲ್ಲ. ವಾರ್ಡಿನ ಆ ತುದಿಯಿಂದ ಈ ತುದಿಗೆ ಕೂಗುವ ದನಿಯಲ್ಲಿ.

ಬಕೆಟ್ಟಜ್ಜಿ ಗಾಬರಿಯಿಂದ ಮಗನನ್ನು ನೋಡಿದಳು. ಗಂಡುಮಗನ ಮುಂದೆ ಕೇಳುವ ಮಾತಲ್ಲ ಅದು. "ಸುಮ್ನಿರೇ," ಎಂದಳು.

"ಸುಮ್ನಿದ್ದು ಸಾಕಾಯ್ತು. ಕೊಯ್ದ್ರೋ ಇಲ್ವೋ?"

"ಕೊಯ್ದ್ರು."

"ಏ‍ನಂತ ಹೇಳಿದ್ರು?"

"ಗಡ್ಡೆ ಇದೆ ಅಂದ್ರು."

"ತೋರಿಸಿದ್ರಾ ಗಡ್ಡೇನ?"

ಬಕೆಟ್ಟಜ್ಜಿಯ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ಅವಳ ಹಿಂದಿನ ಬೆಂಚಿನಲ್ಲಿದ್ದ, ಹೆಣದ ಕೋಣೆ ತೊಳೆಯುತ್ತಿದ್ದ ಹೆಂಗಸು ತಾನಾಗಿಯೇ ಹೇಳಿದಳು. "ನನಗೆ ಕರುಳು ಸುತ್ಕೊಂಡಿದೆ ಅಂದಿದ್ರು." ಗೋಡೆಯ ಹತ್ತಿರ ಇನ್ನೊಬ್ಬಳು ಎದ್ದು ನಿಂತಳು. "ನನಗೆ ಏನೂ ಹೇಳಿರಲಿಲ್ಲ. ಎದ್ದಾಗ ಪಟ್ಟಿ ಕಟ್ಟಿತ್ತು. ಕೇಳೋಕೆ ಹೆದರಿಕೆ ಆಯ್ತು." ಇಷ್ಟು ವರ್ಷ ಅವರು ಒಂದೇ ನಲ್ಲಿಯಲ್ಲಿ ನೀರು ಹಿಡಿದಿದ್ದರು. ಇದನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ಒಂದೇ ಪುಟದಲ್ಲಿ ಇದ್ದೀವಂತೆ ಎಲ್ಲರೂ," ಎಂದಳು ಅಮ್ಮ. "ಒಳಗೆ ಅವನೇ ಹೇಳಿದ. ಒಂದೇ ದಿನ ಕೊಯ್ದ ಹಾಗೆ ಬರ್ಕೊಂಡಿದ್ದಾರೆ. ನಾವೇ ಬೇಡಿಕೊಂಡ್ವಿ ಅಂತ ಈಗ ಹೆಬ್ಬೆಟ್ಟು ಕೇಳ್ತಾ ಇದ್ದಾರೆ."

ಒಳಗಿನಿಂದ ಗುಮಾಸ್ತ ಬಕೆಟ್ಟಜ್ಜಿಯ ಮಗನ ಹೆಸರು ಕೂಗಿದ. ಮಗ ಅಭ್ಯಾಸದಂತೆ ಎದ್ದ. ಬಕೆಟ್ಟಜ್ಜಿ ಅವನ ಅಂಗಿ ಹಿಡಿದು ಕೂರಿಸಿದಳು. ಗುಮಾಸ್ತ ಮತ್ತೊಮ್ಮೆ ಕೂಗಿದ. ಹೆಂಗಸರು ಬೆಂಚು ಎಳೆದುಕೊಂಡು ಅಮ್ಮನ ಸುತ್ತ ಕುಳಿತರು. ನಾನು ಗೋಡೆ ಹಿಡಿದು ಎದ್ದೆ. ಹಾಗೇ ನಡುಗುತ್ತಾ ಹೋಗಿ ಅವರ ನಡುವೆ ತೂರಿಕೊಂಡು ಕುಳಿತೆ.

ಕೊನೆಗೆ ಸಾಹೇಬರೇ ಬಾಗಿಲಿಗೆ ಬಂದರು. ಹಿಂದೆ ಲಾಠಿ ಹಿಡಿದ ಕಾವಲಿನವನಿದ್ದ. "ಕರೆದದ್ದು ಕೇಳಿಸ್ತಾ ಇಲ್ವಾ?" ಎಂದು ಗುಡುಗಿದರು.

ಬಕೆಟ್ಟಜ್ಜಿ ಕುಳಿತಲ್ಲಿಂದಲೇ ತಿರುಗಿ ನೋಡಿದಳು.

"ಸ್ವಲ್ಪ ತಡೀರಿ ಸ್ವಾಮಿ," ಎಂದಳು. "ನಾವು ಮಾತಾಡ್ತಾ ಇದ್ದೀವಿ."